ಈವ್ ಆನ್‌ಲೈನ್: ನಷ್ಟ, ನಂಬಿಕೆ ಮತ್ತು ಯುದ್ಧಕಥನದ ಕರ್ತೃತ್ವ

ಗಣಕಯಂತ್ರದ ಆಟಗಳನ್ನು ಕುರಿತ ಮಾತು ಸಾಮಾನ್ಯವಾಗಿ ಎರಡು ದಿಕ್ಕುಗಳಲ್ಲಿ ಸಾಗುತ್ತದೆ. ಒಂದು, ಅವು ಎಳೆಯರ ಕಾಲವನ್ನು ಕಬಳಿಸುತ್ತವೆ ಎಂಬ ಆತಂಕ. ಇನ್ನೊಂದು, ಅವು ಬಹುಕೋಟಿ ಹಣದ ಉದ್ಯಮ ಎಂಬ ಬೆರಗು. ಇವೆರಡರ ಗದ್ದಲದಲ್ಲಿ, ಆಟವೊಂದು ಕಥನವನ್ನು ಹೇಗೆ ಹುಟ್ಟಿಸುತ್ತದೆ, ಆ ಕಥನದ ಕರ್ತೃ ಯಾರು ಎಂಬ ಪ್ರಶ್ನೆ ಹಿಂದೆ ಸರಿದುಬಿಡುತ್ತದೆ. ಸಾಹಿತ್ಯಾಧ್ಯಯನಕ್ಕೆ ನೇರವಾಗಿ ಸಂಬಂಧಪಟ್ಟದ್ದು ಈ ಮೂರನೆಯ ಪ್ರಶ್ನೆಯೇ. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ರೂಪುಗೊಂಡು, 2003ರ ಮೇ 6ರಂದು ಬಿಡುಗಡೆಯಾದ ‘ಈವ್ ಆನ್‌ಲೈನ್’ ಎಂಬ ವ್ಯೋಮಯುದ್ಧದ ಆಟ ಇದನ್ನು ಪರಿಶೀಲಿಸಲು ತಕ್ಕ ನಿದರ್ಶನ. ಸಾವಿರಾರು ಜನ ಅಂತರ್ಜಾಲದ ಮೂಲಕ ಏಕಕಾಲಕ್ಕೆ ಒಂದೇ ಕಲ್ಪಿತ ಲೋಕದೊಳಗೆ ಸೇರಿ, ಗಣಿಗಾರಿಕೆ, ವ್ಯಾಪಾರ, ಬೇಹುಗಾರಿಕೆ, ಯುದ್ಧಗಳಲ್ಲಿ ತೊಡಗುವ ಆಟವಿದು. ಇದರ ಹೆಸರಾಂತ ಯುದ್ಧಗಳಾವುವನ್ನೂ ಆಟವನ್ನು ತಯಾರಿಸಿದವರು ಮುಂದಾಗಿ ಬರೆದಿಟ್ಟಿರಲಿಲ್ಲ ಎಂಬುದೇ ಇಲ್ಲಿಯ ಚರ್ಚೆಗೆ ಆಧಾರ.

ಆಟವನ್ನು ತಯಾರಿಸಿದ ಸಿಸಿಪಿ ಸಂಸ್ಥೆ 1997ರಲ್ಲಿ ಸ್ಥಾಪನೆಯಾಯಿತು. ಕೈಯಲ್ಲಿ ಬಂಡವಾಳವಿಲ್ಲದ ಈ ಸಂಸ್ಥೆ ಮೊದಲು ಹಲಗೆಯ ಮೇಲೆ ಆಡುವ ‘ಹೈತ್ತುಸ್ಪಿಲ್’ (ಅಪಾಯದ ಆಟ) ಎಂಬ ಆಟವನ್ನು ಐಸ್‌ಲ್ಯಾಂಡಿನಲ್ಲಿ ಮಾರಿ ಹಣ ಕೂಡಿಸಿಕೊಂಡಿತು. ಆಟದ ಮೊದಲ ಪ್ರಕಾಶನಕ್ಕೆ ಮುಂದಾದದ್ದು ಸೈಮನ್ ಆ್ಯಂಡ್ ಶುಸ್ಟರ್ ಎಂಬ ಅಮೆರಿಕದ ಪುಸ್ತಕ ಪ್ರಕಾಶನ ಸಂಸ್ಥೆಯ ಅಂಗಸಂಸ್ಥೆ ಎಂಬುದು ಕುತೂಹಲದ ಸಂಗತಿ. ನಿರ್ಮಾಪಕರಿಗೆ ಪ್ರೇರಣೆಯಾದದ್ದು 1984ರಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ರಚಿಸಿದ ‘ಎಲೈಟ್’ ಎಂಬ ಏಕವ್ಯಕ್ತಿ ಆಟ. ಐಸ್‌ಲ್ಯಾಂಡ್ ಎಂದೊಡನೆ ಅಲ್ಲಿಯ ಮಧ್ಯಯುಗದ ಸಾಗಾ ಗದ್ಯಕೃತಿಗಳು ನೆನಪಿಗೆ ಬರುವುದು ಸಹಜ. ಅರಸನಿಲ್ಲದ, ಕಾನೂನು ಇದ್ದರೂ ಅದನ್ನು ಜಾರಿಮಾಡುವ ಅಧಿಕಾರಿಯಿಲ್ಲದ ಸಮಾಜವೊಂದರ ಮನೆತನದ ಹಗೆಗಳನ್ನು ಆ ಸಾಗಾಗಳು ಚಿತ್ರಿಸುತ್ತವೆ; ಈ ಆಟದ ಹೊರವಲಯವೂ ಅಂಥದೇ. ಆದರೆ ಹೋಲಿಕೆ ಎಷ್ಟೇ ಆಕರ್ಷಕವಾಗಿದ್ದರೂ ಅದನ್ನು ಪ್ರಭಾವವೆಂದು ಸಾಧಿಸುವುದು ಅವಸರದ ತೀರ್ಮಾನವಾದೀತು.

ಆಟದ ಲೋಕದ ಹೆಸರು ‘ನ್ಯೂ ಈಡನ್’. ಇದರಲ್ಲಿ ಏಳು ಸಾವಿರಕ್ಕೂ ಮಿಕ್ಕಿದ ನಕ್ಷತ್ರವ್ಯೂಹಗಳಿವೆ. ಈ ಬಗೆಯ ಅನೇಕ ಆಟಗಳು ಒಂದೇ ಲೋಕದ ಹತ್ತಾರು ಪ್ರತಿಗಳನ್ನು ಮಾಡಿ ಆಟಗಾರರನ್ನು ಅವುಗಳಲ್ಲಿ ಹಂಚಿಬಿಡುತ್ತವೆ. ಈವ್‌ನಲ್ಲಿ ಹಾಗಿಲ್ಲ. ಚೀನಾಕ್ಕೆ ಮೀಸಲಾದ ಪ್ರತ್ಯೇಕ ವ್ಯವಸ್ಥೆಯೊಂದನ್ನು ಬಿಟ್ಟರೆ, ಉಳಿದ ಜಗತ್ತಿನ ಆಟಗಾರರೆಲ್ಲ ‘ಟ್ರ್ಯಾಂಕ್ವಿಲಿಟಿ’ ಎಂಬ ಒಂದೇ ಸರ್ವರಿನಲ್ಲಿ, ಒಂದೇ ಆಕಾಶದ ಕೆಳಗೆ ಇರುತ್ತಾರೆ. ಆದ್ದರಿಂದ ಇಲ್ಲಿ ನಡೆದದ್ದು ಎಲ್ಲರಿಗೂ ನಡೆದದ್ದೇ. ಇತಿಹಾಸ ಎಂಬ ಮಾತಿಗೆ ಅರ್ಥ ಬರುವುದು ಇಂಥ ಹಂಚಿಕೊಂಡ ಕಾಲದಲ್ಲಿ ಮಾತ್ರ.

ಪ್ರತಿ ನಕ್ಷತ್ರವ್ಯೂಹಕ್ಕೂ ಒಂದು ಭದ್ರತೆಯ ಅಂಕವಿದೆ. ಹೆಚ್ಚಿನ ಅಂಕದ ಒಳನಾಡಿನಲ್ಲಿ ಯಾರಾದರೂ ಅಕ್ರಮವಾಗಿ ಆಕ್ರಮಣ ಮಾಡಿದರೆ ‘ಕಾಂಕಾರ್ಡ್’ ಎಂಬ ಪೊಲೀಸ್ ಪಡೆ ಬಂದು ಆಕ್ರಮಣಕಾರನ ನೌಕೆಯನ್ನು ನಾಶಮಾಡುತ್ತದೆ. ಅದು ಅಪರಾಧಕ್ಕೆ ಶಿಕ್ಷೆ ಕೊಡುತ್ತದೆಯೇ ಹೊರತು ಅಪರಾಧವನ್ನು ತಡೆಯುವುದಿಲ್ಲ. ತನ್ನ ನೌಕೆಯನ್ನು ಕಳೆದುಕೊಳ್ಳಲು ಸಿದ್ಧನಾದವನು ಅಲ್ಲಿಯೂ ಕೊಲ್ಲಬಲ್ಲ. ಅಂಕ ಸೊನ್ನೆಗಿಳಿದ ಹೊರವಲಯದಲ್ಲಿ ಆ ಶಿಕ್ಷೆಯೂ ಇಲ್ಲ. ಅಲ್ಲಿ ನೆಲವನ್ನು, ಅಥವಾ ಆಕಾಶವನ್ನು ಎನ್ನೋಣ, ಆಟಗಾರರ ಕೂಟಗಳೇ ಗೆದ್ದು ಆಳುತ್ತವೆ. ಆಟಗಾರರು ಸೇರಿ ‘ಕಾರ್ಪೊರೇಷನ್’ಗಳನ್ನೂ, ಕಾರ್ಪೊರೇಷನ್‌ಗಳು ಸೇರಿ ಮೈತ್ರಿಕೂಟಗಳನ್ನೂ ಕಟ್ಟಿಕೊಳ್ಳುತ್ತವೆ. ದೊಡ್ಡ ಕೂಟವೊಂದರಲ್ಲಿ ಸಾವಿರಾರು ಸದಸ್ಯರು, ಅವರಿಗೆ ಖಜಾಂಚಿ, ಸೇನಾಪತಿ, ರಾಯಭಾರಿ, ಗೂಢಚಾರರು ಎಲ್ಲರೂ ಇರುತ್ತಾರೆ. ಈ ಪದವಿಗಳಲ್ಲಿ ಹಲವನ್ನು ಆಟ ಕೊಟ್ಟಿಲ್ಲ, ಅಗತ್ಯ ಕೊಟ್ಟಿದೆ.

ಈ ಲೋಕದ ಎಲ್ಲ ಗಂಭೀರತೆಗೂ ಮೂಲವಾದದ್ದು ನಷ್ಟದ ನಿಯಮ. ನೌಕೆಗಳಲ್ಲಿ ಬಹುಪಾಲು ಆಟಗಾರರೇ ತಯಾರಿಸಿದಂಥವು. ಒಬ್ಬ ಕ್ಷುದ್ರಗ್ರಹಗಳಿಂದ ಅದಿರನ್ನು ತೆಗೆಯುತ್ತಾನೆ. ಅದನ್ನು ಶುದ್ಧೀಕರಿಸಿ ಟ್ರೈಟೇನಿಯಮ್, ಪೈರೈಟ್, ಮೆಕ್ಸಲಾನ್ ಮುಂತಾದ ಕಲ್ಪಿತ ಖನಿಜಗಳನ್ನು ಪಡೆಯಲಾಗುತ್ತದೆ. ಇನ್ನೊಬ್ಬ ಅವನ್ನು ಕೊಂಡು ನಕ್ಷೆಯ ಪ್ರಕಾರ ನೌಕೆ ಕಟ್ಟುತ್ತಾನೆ. ಮತ್ತೊಬ್ಬ ಅದನ್ನು ಜಿಟಾದಂಥ ಪೇಟೆಗೆ ಸಾಗಿಸಿ ಮಾರುತ್ತಾನೆ. ಯುದ್ಧದಲ್ಲಿ ನೌಕೆ ನಾಶವಾದರೆ ಅದು ಮರಳಿ ಬರುವುದಿಲ್ಲ. ಚಾಲಕ ಸಣ್ಣ ಕೋಶವೊಂದರಲ್ಲಿ ಪಾರಾಗಬಹುದು. ಆ ಕೋಶವೂ ಒಡೆದರೆ ಬೇರೆಡೆ ತದ್ರೂಪಿ ದೇಹದಲ್ಲಿ ಎಚ್ಚರಗೊಳ್ಳುತ್ತಾನೆ. ವ್ಯಕ್ತಿ ಸಾಯುವುದಿಲ್ಲ, ದುಡಿಮೆ ಸಾಯುತ್ತದೆ. ಬೇರೆ ಆಟಗಳಲ್ಲಿ ಸೋತವನು ಹಿಂದಿನ ಹಂತದಿಂದ ಮತ್ತೆ ಆರಂಭಿಸುತ್ತಾನೆ. ಇಲ್ಲಿ ಸೋತವನು ತಿಂಗಳ ಹಿಂದಿನ ಬಡತನಕ್ಕೆ ಮರಳುತ್ತಾನೆ. ಯುದ್ಧಭಯ ಎಂಬ ಭಾವ ಪರದೆಯ ಮೇಲಿನ ಚಿತ್ರದಿಂದ ಹುಟ್ಟದೆ ಲೆಕ್ಕಪುಸ್ತಕದಿಂದ ಹುಟ್ಟುವುದು ಈ ಆಟದ ವೈಶಿಷ್ಟ್ಯ. ಆಟಗಾರರೇ ಇದನ್ನು ‘ಬಾಹ್ಯಾಕಾಶದ ಲೆಕ್ಕಪಟ್ಟಿ’ ಎಂದು ಹಾಸ್ಯಮಾಡುವುದುಂಟು. ಹಾಸ್ಯದಲ್ಲಿ ಸತ್ಯಾಂಶವಿದೆ, 2007ರಲ್ಲಿ ಸಂಸ್ಥೆ ಈ ಲೋಕದ ಅರ್ಥವ್ಯವಸ್ಥೆಯನ್ನು ಅಧ್ಯಯನ ಮಾಡಲು ಎಯೋಲ್ಫುರ್ ಗುಡ್ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನೇ ನೇಮಿಸಿಕೊಂಡಿತು.

ಕಾದಾಟದ ಕ್ರಮವೂ ಇದಕ್ಕೆ ಹೊಂದುವಂಥದು. ಕೈಚಳಕದಿಂದ ಗುರಿಯಿಡುವ ಆಟವಲ್ಲ ಇದು. ಗುರಿ ಎಷ್ಟು ದೂರದಲ್ಲಿದೆ, ಫಿರಂಗಿಯ ಕಣ್ಣಿಗೆ ಅಡ್ಡಲಾಗಿ ಎಷ್ಟು ವೇಗವಾಗಿ ಸುತ್ತುತ್ತಿದೆ, ಫಿರಂಗಿ ಎಷ್ಟು ವೇಗವಾಗಿ ತಿರುಗಬಲ್ಲದು, ಗುರಿಯ ಗಾತ್ರವೆಷ್ಟು ಎಂಬುದನ್ನೆಲ್ಲ ಸರ್ವರ್ ಲೆಕ್ಕಹಾಕಿ ಪೆಟ್ಟು ತಗುಲಿತೇ ಇಲ್ಲವೇ ಎಂದು ನಿರ್ಣಯಿಸುತ್ತದೆ. ಹೀಗಾಗಿ ಬೃಹತ್ ನೌಕೆಯ ಹತ್ತಿರ ಸುತ್ತುವ ಪುಟ್ಟ ನೌಕೆಗೆ ಅದರ ದೊಡ್ಡ ಫಿರಂಗಿಯಿಂದ ಅಪಾಯ ಕಡಿಮೆ. ಆ ಪುಟ್ಟ ನೌಕೆಯೇ ಎದುರಾಳಿಯ ಓಟದ ಯಂತ್ರವನ್ನು ಸ್ತಂಭಿಸಿ ಅವನನ್ನು ಹಿಡಿದು ನಿಲ್ಲಿಸಬಲ್ಲದು. ಕೊಲ್ಲುವವರು ಆಮೇಲೆ ಬಂದರೂ ಸಾಕು. ದೊಡ್ಡ ಯುದ್ಧದಲ್ಲಿ ಒಬ್ಬ ಸೇನಾನಿ ಒಂದೊಂದೇ ಗುರಿಯ ಹೆಸರು ಹೇಳುತ್ತಾನೆ, ನೂರಾರು ಜನ ಅದೇ ಗುರಿಯನ್ನು ಹೊಡೆಯುತ್ತಾರೆ. ವೀರನ ಏಕಾಂಗಿ ಸಾಹಸಕ್ಕೆ ಇಲ್ಲಿ ಆಸ್ಪದ ಕಡಿಮೆ, ಶಿಸ್ತಿಗೆ ಹೆಚ್ಚು.

ಒಂದು ತಾಂತ್ರಿಕ ಮಿತಿ ಈ ಯುದ್ಧಗಳಿಗೆ ವಿಚಿತ್ರವಾದ ಕಾಲಮಾನವನ್ನು ಒದಗಿಸಿದೆ. ಒಂದೇ ಸ್ಥಳದಲ್ಲಿ ಸಾವಿರಾರು ಜನ ಸೇರಿದಾಗ ಅಲ್ಲಿಯ ಲೆಕ್ಕಗಳನ್ನೆಲ್ಲ ಮಾಡಿ ಮುಗಿಸಲು ಸರ್ವರಿಗೆ ಸಾಧ್ಯವಾಗದೆ, ಆಜ್ಞೆಗಳು ಅನಿಯತವಾಗಿ ತಡವಾಗುತ್ತಿದ್ದವು. ಇದಕ್ಕೆ ಪರಿಹಾರವಾಗಿ 2012ರ ಆರಂಭದಲ್ಲಿ ಕಾಲವನ್ನೇ ನಿಧಾನಗೊಳಿಸುವ ಏರ್ಪಾಡು ಬಂತು. ಜನಸಂದಣಿ ಹೆಚ್ಚಿದಂತೆ ಆ ಸ್ಥಳದ ಕಾಲ ಸಾಮಾನ್ಯ ವೇಗದ ಹತ್ತನೆಯ ಒಂದು ಪಾಲಿನವರೆಗೆ ಇಳಿಯುತ್ತದೆ. ಆರು ನಿಮಿಷದ ಕಾದಾಟ ಒಂದು ಗಂಟೆಯಾಗುತ್ತದೆ. ಯುದ್ಧವರ್ಣನೆಯಲ್ಲಿ ಕವಿ ಒಂದು ಗಳಿಗೆಯನ್ನು ಹಲವು ಪದ್ಯಗಳಿಗೆ ಹಿಗ್ಗಿಸುವುದುಂಟು. ಇಲ್ಲಿ ಆ ಹಿಗ್ಗುವಿಕೆ ಯಂತ್ರದ ದಣಿವಿನಿಂದ ಬಂದದ್ದು. ಫಲ ಮಾತ್ರ ಸಣ್ಣದಲ್ಲ: ದೂರದ ದೇಶದಲ್ಲಿ ನಿದ್ರಿಸುತ್ತಿದ್ದವರನ್ನು ಎಬ್ಬಿಸಿ ಕರೆತರಲು ಕೂಟಗಳಿಗೆ ಈಗ ಬಿಡುವು ಸಿಕ್ಕಿತು. ಯುದ್ಧಗಳು ಇನ್ನಷ್ಟು ಹಿರಿದಾದವು.

2014ರ ಜನವರಿ 27 ಮತ್ತು 28ರಂದು ಬಿ-ಆರ್5ಆರ್‌ಬಿ ಎಂಬ ನಕ್ಷತ್ರವ್ಯೂಹದಲ್ಲಿ ನಡೆದ ಕದನ ಇದಕ್ಕೆ ಸಾಕ್ಷಿ. ಆ ವ್ಯೂಹ ಒಂದು ಒಕ್ಕೂಟದ ಸೇನೆಗೆ ನೆಲೆಯಾಗಿತ್ತು. ಅದರ ಒಡೆತನಕ್ಕಾಗಿ ನಿಯತವಾಗಿ ಸಲ್ಲಬೇಕಿದ್ದ ಶುಲ್ಕ ಸಂದಾಯವಾಗಲಿಲ್ಲ, ಒಡೆತನ ತಪ್ಪಿತು, ಸುದ್ದಿ ತಿಳಿದ ಎದುರಾಳಿಗಳು ನುಗ್ಗಿದರು. ಎರಡೂ ಕಡೆಯವರು ‘ಟೈಟನ್’ ಎಂಬ ಅತಿದೊಡ್ಡ ನೌಕೆಗಳನ್ನು ಕಣಕ್ಕಿಳಿಸಿದರು. ಒಂದು ಟೈಟನ್ನನ್ನು ಕಟ್ಟಲು ಅನೇಕರ ವಾರಗಟ್ಟಲೆ ದುಡಿಮೆ ಬೇಕು. ಸುಮಾರು 21 ಗಂಟೆಗಳ ಕಾಲ ನಡೆದ ಈ ಕದನದಲ್ಲಿ ಒಟ್ಟು ಏಳೂವರೆ ಸಾವಿರದಷ್ಟು ಪಾತ್ರಗಳು ಭಾಗವಹಿಸಿದವು. 75 ಟೈಟನ್‌ಗಳು ನಾಶವಾದವು, ಅವುಗಳಲ್ಲಿ 59 ಶುಲ್ಕ ತಪ್ಪಿದ ಪಕ್ಷಕ್ಕೆ ಸೇರಿದವು. ನಷ್ಟವನ್ನು ಮೂರು ಲಕ್ಷ ಡಾಲರುಗಳಿಗೂ ಹೆಚ್ಚೆಂದು ಅಂದಾಜಿಸಿದ ಪತ್ರಿಕಾ ವರದಿಗಳು ಜಗತ್ತಿನಾದ್ಯಂತ ಪ್ರಕಟವಾದವು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ನಿಜವಾದ ಹಣದಿಂದ ಆಟದ ಸಮಯದ ಚೀಟಿಯನ್ನು ಕೊಂಡು, ಅದನ್ನು ಆಟದೊಳಗೆ ಮಾರಿ ಅಲ್ಲಿಯ ನಾಣ್ಯವಾದ ‘ಇಸ್ಕ್’ ಪಡೆಯಲು ಅವಕಾಶವುಂಟು. ಇಸ್ಕನ್ನು ಮರಳಿ ಡಾಲರಾಗಿಸಲು ನಿಯಮದ ಪ್ರಕಾರ ದಾರಿಯಿಲ್ಲ. ಆದುದರಿಂದ ಆ ದಿನ ಸುಟ್ಟುಹೋದದ್ದು ಹಣ ಎನ್ನುವುದಕ್ಕಿಂತ ಜನರ ಸಮಯ ಎನ್ನುವುದು ಸರಿ. ಡಾಲರಿನ ಲೆಕ್ಕ ಓದುಗರಿಗೆ ಬೇಗ ತಿಳಿಯುತ್ತದೆ ಎಂಬುದಷ್ಟೇ ಅದರ ಅನುಕೂಲ.

ಶುಲ್ಕ ತಪ್ಪಿದ್ದರಿಂದ ಮಹಾಯುದ್ಧ ನಡೆದದ್ದು ಅಪವಾದವಲ್ಲ. ಈ ಲೋಕದ ದೊಡ್ಡ ಪತನಗಳಿಗೆ ಫಿರಂಗಿಗಿಂತ ಕಚೇರಿಯೇ ಹೆಚ್ಚಿನ ಕಾರಣ. 2005ರಲ್ಲಿ ‘ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್’ ಎಂಬ ಬಾಡಿಗೆ ಹಂತಕರ ಗುಂಪು, ಒಂದು ಕಾರ್ಪೊರೇಷನ್ನಿನೊಳಗೆ ತಿಂಗಳುಗಟ್ಟಲೆ ನಿಷ್ಠಾವಂತ ಸದಸ್ಯರಂತೆ ನಟಿಸಿ, ನಾಯಕಿಯ ನಂಬಿಕೆ ಗಳಿಸಿ, ಒಂದೇ ದಿನ ಆಕೆಯ ನೌಕೆಯನ್ನು ಒಡೆದು ಉಗ್ರಾಣಗಳನ್ನು ಬರಿದುಮಾಡಿತು. 2009ರ ಫೆಬ್ರವರಿಯಲ್ಲಿ, ಆಟದ ಬಲಾಢ್ಯ ಮೈತ್ರಿಕೂಟವೆನಿಸಿದ್ದ ‘ಬ್ಯಾಂಡ್ ಆಫ್ ಬ್ರದರ್ಸ್’ ಅನ್ನು ಅದರದೇ ನಿರ್ದೇಶಕನೊಬ್ಬ ಶತ್ರುಪಕ್ಷವಾದ ‘ಗೂನ್‌ಸ್ವಾರ್ಮ್’ ಜೊತೆ ಸೇರಿ ವಿಸರ್ಜಿಸಿಬಿಟ್ಟ. ವರ್ಷಗಳ ಯುದ್ಧದಿಂದ ಆಗದ ಕೆಲಸ, ಅಧಿಕಾರವುಳ್ಳ ಒಬ್ಬನಿಂದ ಗುಂಡಿಯೊಂದನ್ನು ಒತ್ತಿದ ಮಾತ್ರಕ್ಕೆ ಆಯಿತು. ಎರಡೂ ಸಂದರ್ಭಗಳಲ್ಲಿ ದ್ರೋಹ ಆಟದ ನಿಯಮದ ಒಳಗೇ ನಡೆದದ್ದರಿಂದ ಅದು ಶಿಕ್ಷಾರ್ಹವಾಗಲಿಲ್ಲ. ವಿಶ್ವಾಸದ್ರೋಹವನ್ನು ನಿಷೇಧಿಸದ ಲೋಕದಲ್ಲಿ ಮಾತ್ರ ನಂಬುವುದಕ್ಕೆ ಬೆಲೆಯುಂಟು ಎಂಬುದು ಈ ಧೋರಣೆಯ ಸಮರ್ಥನೆ. ಆದರೆ ಮೋಸಹೋದವರು ಪಾತ್ರಗಳಲ್ಲ, ಮನುಷ್ಯರು. ತಿಂಗಳುಗಟ್ಟಲೆ ಪ್ರತಿರಾತ್ರಿ ಮಾತನಾಡಿದ ಗೆಳೆಯನೊಬ್ಬ ಬೇಹುಗಾರನಾಗಿದ್ದನೆಂದು ತಿಳಿದಾಗ ಆಗುವ ನೋವು ಕಲ್ಪಿತವಲ್ಲ. ಇದನ್ನು ಆಟವೆಂದು ಹಗುರಾಗಿ ತಳ್ಳಿಹಾಕುವವರೂ, ಮುಕ್ತ ಲೋಕದ ವೈಭವವೆಂದು ಹೊಗಳುವವರೂ ಈ ಸಂಗತಿಯನ್ನು ಸಾಕಷ್ಟು ಗಮನಿಸಿದಂತಿಲ್ಲ.

ಇದರ ಮತ್ತೊಂದು ಮುಖವೂ ಉಂಟು. ಗೂನ್‌ಸ್ವಾರ್ಮ್ ಕೂಟದ ರಾಯಭಾರಿಯಾಗಿ ‘ವೈಲ್ ರ‍್ಯಾಟ್’ ಎಂಬ ಹೆಸರಿನಲ್ಲಿ ಪ್ರಸಿದ್ಧರಾಗಿದ್ದ ಶಾನ್ ಸ್ಮಿತ್, ಹೊರಜಗತ್ತಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ನೌಕರರು. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮೇಲೆ ನಡೆದ ದಾಳಿಯಲ್ಲಿ ಅವರು ಹತರಾದರು. ಸುದ್ದಿ ಹರಡಿದೊಡನೆ, ಅವರ ಕೂಟದವರಷ್ಟೇ ಅಲ್ಲದೆ ಎದುರಾಳಿಗಳೂ ತಮ್ಮ ವಶದಲ್ಲಿದ್ದ ವ್ಯೋಮಠಾಣ್ಯಗಳ ಹೆಸರುಗಳನ್ನು ಬದಲಿಸಿ ಅವರ ನೆನಪಿಗೆ ಅರ್ಪಿಸಿದರು. ಸಂಧಾನ ಮಾಡುವ ಸ್ವಭಾವ ಎರಡು ಲೋಕಗಳಲ್ಲಿಯೂ ಒಬ್ಬರದೇ ಆಗಿತ್ತು. ಆಟದ ಗಡಿ ಎಲ್ಲಿ ಮುಗಿಯುತ್ತದೆ ಎಂದು ಸಿದ್ಧಾಂತದಲ್ಲಿ ಗೆರೆ ಎಳೆಯುವವರಿಗೆ ಈ ಘಟನೆ ತೊಡಕಾಗಿ ನಿಲ್ಲುತ್ತದೆ.

ಹಾಗಾದರೆ ಇಲ್ಲಿ ‘ಪಠ್ಯ’ ಯಾವುದು? ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ 2012ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡ ಮೊದಲ 14 ಆಟಗಳಲ್ಲಿ ಈವ್ ಕೂಡ ಒಂದು. ಅದನ್ನು ಪ್ರದರ್ಶಿಸುವಾಗ ತೊಡಕು ಎದುರಾಯಿತು. ಇತರ ಆಟಗಳಂತೆ ಇದನ್ನು ಸಂದರ್ಶಕರ ಕೈಗೆ ಕೊಡುವಂತಿರಲಿಲ್ಲ. ಆಟಗಾರರಿಲ್ಲದ ಪ್ರತಿ ಬರಿಯ ಖಾಲಿ ಆಕಾಶ. ಕೊನೆಗೆ ಆಟದ ಲೋಕದ ಒಂದು ದಿನವನ್ನು ತೋರಿಸುವ ಚಿತ್ರವೊಂದನ್ನು ಅಲ್ಲಿಟ್ಟರು. ಕರ್ತೃವಿನ ಬದಲಿಗೆ ನಿಯಮವೂ ಜನಸಮೂಹವೂ ಸೇರಿ ಕಥನವನ್ನು ಹುಟ್ಟಿಸಿದಾಗ, ಉಳಿಯುವುದು ಕೃತಿಯಲ್ಲ, ಕೃತಿಯ ವರದಿ. ಈ ವರದಿಯ ಕೆಲಸವನ್ನು ಅತ್ಯಂತ ಗಂಭೀರವಾಗಿ ಮಾಡಿದವರು ಅಮೆರಿಕದ ಪತ್ರಕರ್ತ ಆ್ಯಂಡ್ರ್ಯೂ ಗ್ರೋಯನ್. 2016ರಲ್ಲಿ ಪ್ರಕಟವಾದ ಅವರ ‘ಎಂಪೈರ್ಸ್ ಆಫ್ ಈವ್’ ಕೃತಿ, ಭಾಗವಹಿಸಿದವರ ಸಂದರ್ಶನಗಳನ್ನೂ ಅಳಿದುಳಿದ ಬರಹಗಳನ್ನೂ ಆಧರಿಸಿ ಈ ಯುದ್ಧಗಳ ಚರಿತ್ರೆಯನ್ನು ಕಟ್ಟುತ್ತದೆ. ಗೆದ್ದವರ ಮತ್ತು ಸೋತವರ ಹೇಳಿಕೆಗಳು ಪರಸ್ಪರ ತಾಳೆಯಾಗದ ತೊಂದರೆ, ಯಾವ ಚರಿತ್ರಕಾರನಿಗೂ ಇರುವಂತೆ, ಇಲ್ಲಿಯೂ ಇದೆ.

ನಿರ್ಮಾಪಕರು ಕೂಡ ಕೊನೆಗೆ ಸ್ಮಾರಕ ಕಟ್ಟಿಸುವವರ ಪಾತ್ರಕ್ಕೆ ಬಂದರು. ಬಿ-ಆರ್5ಆರ್‌ಬಿ ಕದನದ ಬಳಿಕ ಅಲ್ಲಿ ಟೈಟನ್‌ಗಳ ಅವಶೇಷಗಳನ್ನು ‘ಟೈಟನೋಮಕಿ’ ಎಂಬ ಹೆಸರಿನಲ್ಲಿ ಶಾಶ್ವತವಾಗಿ ನಿಲ್ಲಿಸಲಾಯಿತು. ಅದೇ ವರ್ಷ ರೇಕ್ಯಾವಿಕ್ ಬಂದರಿನ ಬಳಿ ಒಂದು ಶಿಲ್ಪವನ್ನು ಸ್ಥಾಪಿಸಿ, 2014ರ ಮಾರ್ಚ್ 1ರಂದು ಚಾಲ್ತಿಯಲ್ಲಿದ್ದ ಖಾತೆಗಳ ಆಟಗಾರರ ಹೆಸರುಗಳನ್ನು ಅದರ ಪೀಠದಲ್ಲಿ ಕೆತ್ತಿಸಲಾಯಿತು. ವೀರಗಲ್ಲಿನಲ್ಲಿ ಕಾಣಿಸುವುದು ಮಡಿದವನ ಹೆಸರು ಮತ್ತು ಅವನು ಮಡಿದ ಕಾರಣ. ರೇಕ್ಯಾವಿಕ್‌ನ ಈ ಕಲ್ಲಿನಲ್ಲಿ ಹೆಸರುಗಳು ಮಾತ್ರ ಇವೆ. ಗೆದ್ದವರು, ಸೋತವರು, ಶುಲ್ಕ ಕಟ್ಟಲು ಮರೆತವರು ಎಂಬ ವಿಂಗಡಣೆ ಅಲ್ಲಿಲ್ಲ.