ಊರಿನ ಕಾರ್ಖಾನೆಯನ್ನು ಅರಿಯುವುದು: ಕಂಪನಿ ಮತ್ತು ಉದ್ಯಮಗಳ ಮಾಹಿತಿಮೂಲಗಳು

ಪ್ರೌಢಶಾಲೆಯ ಸಮಾಜವಿಜ್ಞಾನದಲ್ಲಿ ‘ನಮ್ಮ ಪ್ರದೇಶದ ಕೈಗಾರಿಕೆ’ ಎಂಬ ಯೋಜನಾಕಾರ್ಯವನ್ನು ಕೊಡುವುದು ವಾಡಿಕೆ. ವಿದ್ಯಾರ್ಥಿಗಳು ತರುವ ಬರಹಗಳಲ್ಲಿ ಬಹುಪಾಲು ಕಂಪನಿಯ ಜಾಲತಾಣದಲ್ಲಿರುವ ಸ್ವಪರಿಚಯದ ಅನುವಾದವೇ ಆಗಿರುತ್ತದೆ. ಆ ಪರಿಚಯ ಸುಳ್ಳೆಂದು ತಿಳಿಯಬೇಕಾಗಿಲ್ಲ. ಆದರೆ ತನಗೆ ಒಪ್ಪುವುದನ್ನಷ್ಟೇ ಆಯ್ದು ಹೇಳುವ ಸ್ವಾತಂತ್ರ್ಯ ಅಲ್ಲಿ ಕಂಪನಿಗಿದೆ. ತಂದೆತಾಯಿಯರು ದುಡಿಯುವ ಕಾರ್ಖಾನೆಯನ್ನೇ ಮಗುವೊಂದು ಜಾಹೀರಾತಿನ ಮಾತುಗಳಲ್ಲಿ ವರ್ಣಿಸುವುದು ಶಿಕ್ಷಕರಿಗೆ ಸಮಾಧಾನ ತರುವ ಸಂಗತಿಯಲ್ಲ. ಆದುದರಿಂದ ಯಾವುದೇ ಮೂಲವನ್ನು ಕೈಗೆತ್ತಿಕೊಂಡಾಗ ಮೊದಲು ಕೇಳಿಸಬೇಕಾದ ಪ್ರಶ್ನೆ ಇದು: ಈ ಮಾತನ್ನು ಕಂಪನಿ ತಾನಾಗಿ ಹೇಳಿದೆಯೇ, ಅಥವಾ ಹೇಳಲೇಬೇಕೆಂದು ಕಾನೂನು ವಿಧಿಸಿದೆಯೇ?

ಹೊಸೂರಿನ ಟೈಟನ್ ಕಂಪನಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೇಂದ್ರ ಸರ್ಕಾರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು ನೋಂದಾಯಿತ ಕಂಪನಿಗಳಿಗೆಲ್ಲ ಇಪ್ಪತ್ತೊಂದು ಅಕ್ಷರಾಂಕಗಳ ಗುರುತುಸಂಖ್ಯೆಯನ್ನು ಕೊಡುತ್ತದೆ. ಟೈಟನ್ನಿನ ಸಂಖ್ಯೆ ‘ಎಲ್ 74999 ಟಿಝಡ್ 1984 ಪಿಎಲ್‌ಸಿ 001456’. ಮೊದಲ ಅಕ್ಷರವು ಕಂಪನಿಯ ಷೇರುಗಳು ಷೇರುಪೇಟೆಯ ಪಟ್ಟಿಯಲ್ಲಿವೆಯೆಂದು ಸೂಚಿಸುತ್ತದೆ. ಪಟ್ಟಿಯಲ್ಲಿಲ್ಲದ ಕಂಪನಿಗೆ ಅಲ್ಲಿ ‘ಯು’ ಇರುತ್ತದೆ. ‘ಟಿಝಡ್’ ಎಂಬುದು ಕೊಯಮತ್ತೂರಿನ ನೋಂದಣಿ ಕಚೇರಿಯ ವ್ಯಾಪ್ತಿಯನ್ನೂ, 1984 ಸ್ಥಾಪನೆಯ ವರ್ಷವನ್ನೂ, ‘ಪಿಎಲ್‌ಸಿ’ ಸಾರ್ವಜನಿಕ ಸೀಮಿತ ಕಂಪನಿಯೆಂಬುದನ್ನೂ ತಿಳಿಸುತ್ತವೆ. ನಡುವಿನ ಐದು ಅಂಕಿಗಳು ಉದ್ಯಮದ ವರ್ಗವನ್ನು ಸೂಚಿಸಬೇಕು. ಆದರೆ ಇಲ್ಲಿ ಗಡಿಯಾರದ ಸುಳಿವೇ ಇಲ್ಲ! ಸರ್ಕಾರಿ ದಾಖಲೆಯನ್ನೂ ಪ್ರಶ್ನಿಸಿ ಓದಬೇಕೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಕಪ್ಪುಹಲಗೆಯ ಮೇಲೆ ಈ ಸಂಖ್ಯೆಯನ್ನು ಬರೆದು ಬಿಡಿಸಿದರೆ ಒಂದು ಪಾಠದ ಅವಧಿ ಸಾರ್ಥಕವಾಗಿ ಕಳೆಯುತ್ತದೆ.

ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳು ಮೂರು ತಿಂಗಳಿಗೊಮ್ಮೆ ತಮ್ಮ ಹಣಕಾಸಿನ ಫಲಿತಾಂಶವನ್ನೂ ಷೇರು ಹಿಡುವಳಿಯ ವಿವರವನ್ನೂ ಷೇರುಪೇಟೆಗೆ ಸಲ್ಲಿಸಬೇಕು. ಮುಂಬಯಿ ಷೇರುಪೇಟೆ ಮತ್ತು ರಾಷ್ಟ್ರೀಯ ಷೇರುಪೇಟೆಗಳ ಜಾಲತಾಣಗಳಲ್ಲಿ ಇವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಓದಬಹುದು. ಟೈಟನ್ ಟಾಟಾ ಸಮೂಹದ್ದೆಂದು ಎಲ್ಲರೂ ಬಲ್ಲರು. ಅದರ ಷೇರುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮದ ಕೈಯಲ್ಲಿದೆಯೆಂಬುದನ್ನು ಬಲ್ಲವರು ವಿರಳ. ಹಿಡುವಳಿಯ ಪಟ್ಟಿಯನ್ನು ತೆರೆದ ಹೊಸೂರಿನ ವಿದ್ಯಾರ್ಥಿಗೆ ಅದು ಒಂದೇ ಪುಟದಲ್ಲಿ ದೊರೆಯುತ್ತದೆ.

ವಾರ್ಷಿಕ ವರದಿಯನ್ನು ಹಿಂದಿನಿಂದ ಓದಿಸುವುದು ಲೇಸು. ಮುಂದಿನ ಪುಟಗಳಲ್ಲಿ ಬಣ್ಣದ ಚಿತ್ರಗಳೂ ಅಧ್ಯಕ್ಷರ ಆಶಯಗಳೂ ಇರುತ್ತವೆ. ಲೆಕ್ಕಪರಿಶೋಧಕರ ವರದಿ, ಲೆಕ್ಕಪತ್ರ ಮತ್ತು ಅವುಗಳ ಟಿಪ್ಪಣಿಗಳು ಹಿಂದಿರುತ್ತವೆ. ದೊಡ್ಡ ಪಟ್ಟಿಯುಕ್ತ ಕಂಪನಿಗಳು 2022–23ರಿಂದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನೂ ಕಡ್ಡಾಯವಾಗಿ ಸೇರಿಸಬೇಕು. ಕಾಯಂ ನೌಕರರು ಎಷ್ಟು, ಕಾಯಂ ಅಲ್ಲದವರು ಎಷ್ಟು, ಅವರಲ್ಲಿ ಮಹಿಳೆಯರೆಷ್ಟು, ಕೆಲಸದಲ್ಲಿ ಗಾಯಗೊಂಡವರೆಷ್ಟು ಎಂಬ ಅಂಕಿಗಳು ಅದರಲ್ಲಿವೆ. ಗುತ್ತಿಗೆಯ ಮೇಲೆ ದುಡಿಯುವ ಮನೆಯವರಿರುವ ಮಗುವಿಗೆ ಲಾಭದ ಕೋಷ್ಟಕಕ್ಕಿಂತ ಈ ಕೋಷ್ಟಕವೇ ಹೆಚ್ಚು ಮಾತನಾಡುತ್ತದೆ.

ಷೇರುಪೇಟೆಯ ಪಟ್ಟಿಯಲ್ಲಿಲ್ಲದ ಮಧ್ಯಮ ಕಂಪನಿಗಳ ವಿಷಯದಲ್ಲಿ ಕ್ರಿಸಿಲ್, ಇಕ್ರಾ ಮೊದಲಾದ ಸಾಲಯೋಗ್ಯತಾ ಸಂಸ್ಥೆಗಳ ಟಿಪ್ಪಣಿಗಳು ಉಪಯುಕ್ತ. ಸಾಲ ಮರಳಿ ಬಂದೀತೇ ಎಂಬ ಕಣ್ಣಿನಿಂದ ಬರೆದವಾದ್ದರಿಂದ ಕಂಪನಿಯ ಬಲದೊಡನೆ ದೌರ್ಬಲ್ಯವನ್ನೂ ಅವು ದಾಖಲಿಸುತ್ತವೆ. ಶುಲ್ಕವನ್ನು ಕಂಪನಿಯೇ ಕೊಡುತ್ತದೆಂಬುದನ್ನು ಮಾತ್ರ ಮರೆಯಬಾರದು.

ಸೊಲ್ಲಾಪುರಕ್ಕೆ ಬಂದರೆ ಚಿತ್ರವೇ ಬೇರೆ. ಅಲ್ಲಿಯ ಚಾದರ ಮತ್ತು ಟವೆಲುಗಳನ್ನು ನೇಯುವ ವಿದ್ಯುತ್ ಮಗ್ಗದ ಶೆಡ್ಡುಗಳಲ್ಲಿ ಅನೇಕವು ಒಬ್ಬರ ಒಡೆತನದವು ಇಲ್ಲವೆ ಪಾಲುದಾರಿಕೆಯವು. ಅವು ಕಂಪನಿಗಳ ನೋಂದಣಿಯಲ್ಲಿ ಸಿಗುವುದಿಲ್ಲ. ಕೇಂದ್ರದ ಉದ್ಯಮಗಳ ವಾರ್ಷಿಕ ಸಮೀಕ್ಷೆಯೂ ಮುಖ್ಯವಾಗಿ ವಿದ್ಯುತ್ತಿನೊಡನೆ 10 ಅಥವಾ ವಿದ್ಯುತ್ತಿಲ್ಲದೆ 20 ಕೆಲಸಗಾರರಿರುವ ನೋಂದಾಯಿತ ಕಾರ್ಖಾನೆಗಳಿಗೆ ಸೀಮಿತವಾದುದು. ನಾಲ್ಕಾರು ಮಗ್ಗಗಳ ಶೆಡ್ಡು ಆ ಎಣಿಕೆಯಿಂದ ಹೊರಗುಳಿಯುತ್ತದೆ. ಅಂಕಿಅಂಶಗಳಲ್ಲಿ ಕಾಣದಿರುವುದು ಊರಿನಲ್ಲಿಯೂ ಇಲ್ಲವೆಂದು ವಿದ್ಯಾರ್ಥಿಗಳು ಭಾವಿಸದಂತೆ ಶಿಕ್ಷಕರು ಎಚ್ಚರ ವಹಿಸಬೇಕು. ಇಂಥ ಉದ್ಯಮಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರವನ್ನೂ ಚೆನ್ನೈಯ ಭೌಗೋಳಿಕ ಸೂಚಿಕೆ ನೋಂದಣಿ ಕಚೇರಿಯ ದಾಖಲೆಗಳನ್ನೂ ಆಶ್ರಯಿಸಬಹುದು. ಸೊಲ್ಲಾಪುರದ ಚಾದರಕ್ಕೆ ಆ ಮಾನ್ಯತೆ ದೊರೆತಿದೆ.

ಉಳಿದುದನ್ನು ಶೆಡ್ಡಿನಲ್ಲಿಯೇ ಕೇಳಿ ಬರೆಯಬೇಕು. ನೂಲು ಎಲ್ಲಿಂದ ಬರುತ್ತದೆ, ಅದರ ಬೆಲೆ ಏರಿದಾಗ ಹೊರೆ ಯಾರ ಮೇಲೆ ಬೀಳುತ್ತದೆ, ಕೂಲಿ ದಿನದ ಲೆಕ್ಕವೋ ನಗದ ಲೆಕ್ಕವೋ, ಎಷ್ಟು ಮಗ್ಗಗಳು ನಿಂತಿವೆ ಎಂಬ ನಾಲ್ಕೈದು ಪ್ರಶ್ನೆಗಳು ಸಾಕು. ದಿನಾಂಕವನ್ನು ದಾಖಲಿಸಬೇಕು, ಹೇಳಿದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬಾರದು. ಒಬ್ಬರು ಹೇಳಿದ ಕೂಲಿಯ ದರವನ್ನು ಇನ್ನಿಬ್ಬರಲ್ಲಿ ವಿಚಾರಿಸಿದ ಬಳಿಕವೇ ಬರಹಕ್ಕೆ ಸೇರಿಸಬೇಕು.

ಮೇಲಿನ ಮುದ್ರಿತ ದಾಖಲೆಗಳು ಬಹುತೇಕ ಇಂಗ್ಲಿಷಿನಲ್ಲಿರುವುದು ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ತೊಡಕು. ವಹಿವಾಟು, ನಿವ್ವಳ ಲಾಭ, ಆಸ್ತಿ, ಹೊಣೆ, ಸವಕಳಿ, ಲಾಭಾಂಶ ಮುಂತಾದ ಇಪ್ಪತ್ತು ಪದಗಳ ಪಟ್ಟಿಯೊಂದನ್ನು ಶಿಕ್ಷಕರು ಮೊದಲೇ ಸಿದ್ಧಪಡಿಸಿಕೊಟ್ಟರೆ ವಿದ್ಯಾರ್ಥಿಗಳು ಇಡೀ ವರದಿಯನ್ನು ಓದದೆಯೂ ಬೇಕಾದ ಸಾಲನ್ನು ಹುಡುಕಿಕೊಳ್ಳಬಲ್ಲರು. ನೇಕಾರರಿಂದ ಕೇಳಿದ ಹಾಸು, ಹೊಕ್ಕು, ಲಾಳಿಗಳೂ ಅದೇ ಪಟ್ಟಿಯಲ್ಲಿ ಸೇರಲಿ.