ಓಡಿದಷ್ಟಕ್ಕೆ ವಿಮಾ ಕಂತು

ಸಂಸ್ಥೆಯ ಹೆಸರಿನಲ್ಲಿ ಕಾರು ಹೊಂದಿರುವ ಸದಸ್ಯರಿಗೆ ವಿಮೆ ನವೀಕರಣದ ವೇಳೆ ಹೊಸದೊಂದು ಪ್ರಶ್ನೆ ಎದುರಾಗಬಹುದು: ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುವಿರಿ?

2006ರ ಅಂತ್ಯದವರೆಗೆ ಸುಂಕ ಸಲಹಾ ಸಮಿತಿಯ ದರಪಟ್ಟಿಯೇ ಎಲ್ಲ ವಿಮಾ ಕಂಪನಿಗಳಿಗೂ ಅನ್ವಯಿಸುತ್ತಿತ್ತು. ಆ ಕಟ್ಟು ಸಡಿಲಗೊಂಡ ಬಳಿಕ, 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಓಡಿದ ದೂರವನ್ನೂ ಚಾಲನೆಯ ರೀತಿಯನ್ನೂ ಆಧರಿಸಿದ ಹೆಚ್ಚುವರಿ ರಕ್ಷಣೆಗಳಿಗೆ ಅನುಮತಿ ನೀಡಿತು. ಇದು ಸ್ವಂತ ವಾಹನದ ಹಾನಿಯ ಭಾಗಕ್ಕೆ ಮಾತ್ರ. ಕಡ್ಡಾಯವಾದ ಮೂರನೇ ವ್ಯಕ್ತಿ ವಿಮೆಯ ದರವನ್ನು ಕೇಂದ್ರ ಸರ್ಕಾರವೇ ಗೊತ್ತುಪಡಿಸುತ್ತದೆ. ಅಲ್ಲಿ ಸಂಯಮಿಗೂ ಅಜಾಗರೂಕನಿಗೂ ಒಂದೇ ತಕ್ಕಡಿ.

ಉಳಿತಾಯದ ಲೆಕ್ಕ ಸರಳ. ತೊಡಕು ಬೇರೆಡೆ ಇದೆ. ವೇಗ, ಹಠಾತ್ ಬ್ರೇಕು ಮುಂತಾದವನ್ನು ದಾಖಲಿಸುವ ಸಾಧನವು ವಾಸ್ತವದಲ್ಲಿ ವರದಿ ಮಾಡುವುದು ನಮ್ಮ ಚಾಲಕನ ಬಗ್ಗೆ. ಅವನನ್ನು ಕೇಳಿದವರೆಷ್ಟು ಮಂದಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲತತ್ತ್ವವೇ ಸಮ್ಮತಿ. ಉದ್ಯೋಗದ ಉದ್ದೇಶಗಳಿಗೆ ಅದರಲ್ಲಿ ವಿನಾಯಿತಿ ಇದೆಯಾದರೂ, ಕಂತಿನ ರಿಯಾಯಿತಿಯು ಅದರೊಳಗೆ ಬರುತ್ತದೆಂದು ನಾನಂತೂ ನನ್ನ ಕಕ್ಷಿದಾರರಿಗೆ ಹೇಳಲಾರೆ. ಚಾಲಕನ ಲಿಖಿತ ಒಪ್ಪಿಗೆ ಪಡೆದಿಡುವುದು ಲೇಸು.

ಸಹಿ ಹಾಕುವ ಮುನ್ನ ಇನ್ನೆರಡು ಷರತ್ತುಗಳನ್ನು ಓದಿಕೊಳ್ಳಿ: ಘೋಷಿಸಿದ ಕಿಲೋಮೀಟರ್ ಮೀರಿದರೆ ಪರಿಹಾರದ ಗತಿ ಏನು, ಮತ್ತು ಆ ದಾಖಲೆಯನ್ನು ಕ್ಲೇಮಿನ ವಿಚಾರಣೆಯಲ್ಲಿ ನಮ್ಮ ವಿರುದ್ಧವೇ ಬಳಸಬಹುದೇ.