ಸೀರಿಯಂ: ಎರಡು ವೇಲೆನ್ಸಿಗಳ ಲೋಹ

ಲ್ಯಾಂಥನಂ ಮೊದಲ್ಗೊಂಡು ಲುಟೀಷಿಯಂವರೆಗಿನ ಹದಿನೈದು ಧಾತುಗಳನ್ನೂ, ಅವುಗಳೊಡನೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂಗಳನ್ನೂ ವಿರಳ ಭಸ್ಮ ಧಾತುಗಳೆಂದು ಕರೆಯುವುದು ರೂಢಿ. ಈ ಹೆಸರು ಸೀರಿಯಂಗೆ ಅಷ್ಟಾಗಿ ಒಪ್ಪುವುದಿಲ್ಲ. ಭೂಮಿಯ ಚಿಪ್ಪಿನಲ್ಲಿ ಅದು ಹೆಚ್ಚುಕಡಮೆ ತಾಮ್ರದಷ್ಟೇ ಇದೆ. ಈ ಧಾತುಗಳು ಒಂದೇ ಖನಿಜದಲ್ಲಿ ಬೆರೆತಿರುವುದರಿಂದಲೂ, ರಾಸಾಯನಿಕ ವರ್ತನೆಯಲ್ಲಿ ಒಂದನ್ನೊಂದು ಹೋಲುವುದರಿಂದಲೂ ಅವನ್ನು ಬೇರ್ಪಡಿಸುವುದು ಕಷ್ಟಸಾಧ್ಯ. ಸೀರಿಯಂ ಇದಕ್ಕೆ ಅಪವಾದ. ಅದರ ಕಾರಣವನ್ನು ಅರಿತರೆ ಈ ಲೋಹದ ಹಲವು ಉಪಯೋಗಗಳೂ ಸುಲಭವಾಗಿ ತಿಳಿಯುತ್ತವೆ.

1803ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಮತ್ತು ಹೀಸಿಂಗರ್ ಎಂಬುವರೂ, ಜರ್ಮನಿಯಲ್ಲಿ ಕ್ಲಾಪ್ರೋತನೂ ಇದರ ಆಕ್ಸೈಡನ್ನು ಕಂಡುಹಿಡಿದರು. 1801ರಲ್ಲಿ ಗೋಚರವಾದ ಸೀರೀಸ್ ಎಂಬ ಆಕಾಶಕಾಯದಿಂದ ಇದಕ್ಕೆ ಹೆಸರು ಬಂದಿತು. ಇದರ ಪರಮಾಣು ಸಂಖ್ಯೆ 58. ಬೂದುಬಣ್ಣದ ಈ ಮೃದು ಲೋಹ ಸುಮಾರು 800° ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಗಾಳಿಯಲ್ಲಿ ಬೇಗನೆ ಮಾಸುತ್ತದೆ.

ವಿರಳ ಭಸ್ಮ ಧಾತುಗಳ ಸಾಮಾನ್ಯ ವೇಲೆನ್ಸಿ ಮೂರು. ಸೀರಿಯಂ ನಾಲ್ಕನೆಯ ಎಲೆಕ್ಟ್ರಾನನ್ನೂ ಬಿಟ್ಟುಕೊಟ್ಟರೆ, ಉಳಿಯುವುದು ಕ್ಸೆನಾನ್ ಅನಿಲದ ಸ್ಥಿರ ರಚನೆ. ಆದುದರಿಂದ ಮಿಶ್ರ ದ್ರಾವಣವನ್ನು ಉತ್ಕರ್ಷಣಕ್ಕೆ ಒಳಪಡಿಸಿ ಆಮ್ಲತೆಯನ್ನು ತಗ್ಗಿಸಿದಾಗ ಸೀರಿಯಂ ಮಾತ್ರ ಹೈಡ್ರಾಕ್ಸೈಡಾಗಿ ಒತ್ತರಿಸುತ್ತದೆ. ಮಿಕ್ಕವು ದ್ರಾವಣದಲ್ಲೇ ಉಳಿಯುತ್ತವೆ.

ಇದರ ಮೊದಲ ಉಪಯೋಗಗಳನ್ನು ಬಳಕೆಗೆ ತಂದವನು ಆಸ್ಟ್ರಿಯದ ಆವರ್ ಫಾನ್ ವೆಲ್ಸ್‌ಬಾಕ್. 1891ರಲ್ಲಿ ಅವನು ರೂಪಿಸಿದ ಗ್ಯಾಸ್ ದೀಪದ ಮ್ಯಾಂಟಲಿನಲ್ಲಿ ಶೇಕಡ 99 ಭಾಗ ಥೋರಿಯಂ ಆಕ್ಸೈಡು, 1 ಭಾಗ ಸೀರಿಯಂ ಆಕ್ಸೈಡು. ಆ ಒಂದು ಭಾಗವಿಲ್ಲದಿದ್ದರೆ ಬೆಳಕು ಮಂದವಾಗುತ್ತದೆ. ಈ ಉದ್ಯಮಕ್ಕಾಗಿಯೇ ತಿರುವಾಂಕೂರಿನ ಕಡಲ ಮರಳಿನಿಂದ ಮಾನಜೈಟ್ ಖನಿಜ ಹೊರದೇಶಗಳಿಗೆ ಹೋಗುತ್ತಿತ್ತು. 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ ಸ್ಥಾಪಿತವಾಗಿ, 1952ರಲ್ಲಿ ಆಲುವದ ಕಾರ್ಖಾನೆ ಆರಂಭವಾದ ಮೇಲೆ ಆ ಖನಿಜದ ಸಂಸ್ಕರಣ ನಮ್ಮ ದೇಶದಲ್ಲೇ ನಡೆಯಿತು. 1903ರಲ್ಲಿ ವೆಲ್ಸ್‌ಬಾಕ್ ಸೀರಿಯಂ ಪ್ರಧಾನವಾದ ಲೋಹಮಿಶ್ರಣಕ್ಕೆ ಕಬ್ಬಿಣವನ್ನು ಕೂಡಿಸಿ, ಸಿಗರೇಟು ಲೈಟರಿನ ಕಿಡಿಕಲ್ಲನ್ನೂ ಸಿದ್ಧಪಡಿಸಿದನು. ಉಜ್ಜಿದಾಗ ಉದುರುವ ಅದರ ಕಣಗಳು ಗಾಳಿಯಲ್ಲಿ ಹೊತ್ತಿಕೊಳ್ಳುತ್ತವೆ.

ಇಂದು ಮಸೂರ ಮತ್ತು ಗಾಜುಗಳನ್ನು ನಯಗೊಳಿಸುವುದಕ್ಕೆ ಸೀರಿಯಂ ಆಕ್ಸೈಡು ಬಳಕೆಯಲ್ಲಿದೆ. ಪೆಟ್ರೋಲ್ ವಾಹನಗಳ ಹೊಗೆಯನ್ನು ಶುದ್ಧಿಗೊಳಿಸುವ ವೇಗವರ್ಧಕಗಳಲ್ಲಿ ಅದರ ಕಾರ್ಯ ಇನ್ನೂ ಮಹತ್ವದ್ದು. ಹೊಗೆಯಲ್ಲಿ ಆಮ್ಲಜನಕ ಕಡಮೆಯಾದಾಗ ಆಕ್ಸೈಡು ತನ್ನಲ್ಲಿರುವುದನ್ನು ಕೊಟ್ಟು, ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡಾಗಿಸಲು ನೆರವಾಗುತ್ತದೆ. ಆಮ್ಲಜನಕ ಹೆಚ್ಚಾದಾಗ ಮರಳಿ ಹೀರಿಕೊಳ್ಳುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಸೀರಿಯಂನ ವೇಲೆನ್ಸಿ ನಾಲ್ಕರಿಂದ ಮೂರಕ್ಕಿಳಿದು ಮತ್ತೆ ನಾಲ್ಕಕ್ಕೇರುತ್ತದೆ.

ಫೆರಸ್ ಲವಣವನ್ನು ಹಳದಿ ಬಣ್ಣದ ಸೀರಿಕ್ ಸಲ್ಫೇಟಿನಿಂದ ಅನುಮಾಪನ ಮಾಡುವ ವಿದ್ಯಾರ್ಥಿ ಕಾಣುವುದು ಇದೇ ಬದಲಾವಣೆಯ ಮೊದಲರ್ಧವನ್ನು. ಪ್ರಯೋಗಶಾಲೆಯಲ್ಲಿ ಅಧ್ಯಾಪಕರು ಈ ಸಂಬಂಧವನ್ನು ತೋರಿಸಿಕೊಟ್ಟರೆ, ವೇಲೆನ್ಸಿಯೆಂಬುದು ಬರಿಯ ಪುಸ್ತಕದ ಮಾತಲ್ಲವೆಂಬುದು ವಿದ್ಯಾರ್ಥಿಗಳಿಗೆ ಮನವರಿಕೆಯಾದೀತು.